ಹಳೆಯ ಬ್ಯಾಟರಿ ಯಾರ ಕೈಗೆ?

ಕಳೆದ ಮಳೆಗಾಲದ ಒಂದು ಸಂಜೆ ಕರೆಂಟು ಹೋದ ಕೂಡಲೇ ನಮ್ಮ ಮನೆಯ ಕಂಪ್ಯೂಟರಿನ ಯುಪಿಎಸ್ ಒಂದೇ ಸಲ ಕೂಗಿ ಸುಮ್ಮನಾಯಿತು. ಮರುದಿನ ಬೆಳಿಗ್ಗೆ ಅದರ ತಳದ ಸ್ಕ್ರೂಗಳನ್ನು ಬಿಚ್ಚಿ ಒಳಗಿದ್ದ ಬ್ಯಾಟರಿಯನ್ನು ಹೊರತೆಗೆಯಲು ನೋಡಿದರೆ ಅದು ಜಪ್ಪಯ್ಯ ಎಂದರೂ ಕದಲಲಿಲ್ಲ. ಹಾಕುವಾಗ ಸಲೀಸಾಗಿ ಕೂತಿದ್ದ ಆ ಕಪ್ಪು ಪೆಟ್ಟಿಗೆಯ ಎರಡೂ ಪಕ್ಕೆಗಳು ನಾಲ್ಕು ವರ್ಷಗಳಲ್ಲಿ ನೀರು ಕುಡಿದ ಹಲಗೆಯಂತೆ ಉಬ್ಬಿ, ತಗಡಿನ ಗೂಡಿಗೆ ಕಚ್ಚಿಕೊಂಡಿದ್ದವು. ಟರ್ಮಿನಲ್‌ಗಳ ಬುಡದಲ್ಲಿ, ಬಹಳ ದಿನ ಹುಣಸೆಹಣ್ಣು ಕಾಣದ ತಾಮ್ರದ ಚೊಂಬಿಗೆ ಹಿಡಿಯುವ ಕಿಲುಬಿನಂತೆ, ಬಿಳಿ ಬೆರೆತ ಹಸಿರು ಪುಡಿ ಕಟ್ಟಿತ್ತು. ಮೀಟಿ ಎಬ್ಬಿಸಿದರೆ ಒಡೆದೀತೆಂಬ ಭಯದಿಂದ ಗೂಡಿನ ತಗಡನ್ನೇ ಇಕ್ಕಳದಲ್ಲಿ ಮೆಲ್ಲನೆ ಅಗಲಿಸಿ, ಕೈಗವಸು ಹಾಕಿಕೊಂಡು ಅದನ್ನು ಹೊರಗೆ ತಂದೆ. ಇಟ್ಟಿಗೆಗಿಂತ ಚಿಕ್ಕದಾದ ಪೆಟ್ಟಿಗೆ, ಆದರೆ ಎರಡು ಕಿಲೋಗೂ ಮಿಕ್ಕಿದ ಭಾರ. ಮೈಮೇಲೆ 12 ವೋಲ್ಟ್, 7 ಆಂಪಿಯರ್-ಅವರ್ ಎಂಬ ಅಕ್ಷರಗಳು. ಅವುಗಳ ಪಕ್ಕದಲ್ಲಿ ಅಡ್ಡಗೆರೆ ಎಳೆದ ಕಸದ ಡಬ್ಬಿಯ ಚಿತ್ರ, ಅದರ ಕೆಳಗೆ ಸೀಸದ ರಾಸಾಯನಿಕ ಸಂಕೇತವಾದ ಪಿಬಿ.

ಆ ಚಿತ್ರ ಹೇಳುವುದು ಒಂದೇ ಮಾತು: ಇದನ್ನು ಕಸಕ್ಕೆ ಹಾಕಬೇಡಿ. ಹಾಗಾದರೆ ಎಲ್ಲಿಗೆ ಹಾಕಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಸುಮಾರು ಒಂದು ತಿಂಗಳು ಹಿಡಿಯಿತು. ಹುಡುಕುತ್ತ ಹೋದಂತೆ, ಈ ಒಂದು ಬ್ಯಾಟರಿಯ ಹಿಂದೆ ನಮ್ಮ ಕುಟುಂಬದ್ದೇ ನಲವತ್ತು ವರ್ಷಗಳ ಅಜಾಗರೂಕತೆಯ ಸಾಲು ಇದೆ ಎಂಬುದೂ ಕಾಣತೊಡಗಿತು.

ಶಿವಮೊಗ್ಗದ ಈ ಮನೆಯಲ್ಲಿ ಲೆಕ್ಕ ಹಾಕಿದರೆ ಯುಪಿಎಸ್‌ನದು ಒಂದು, ಅಡುಗೆಮನೆಯ ಎಮರ್ಜೆನ್ಸಿ ದೀಪದೊಳಗೆ 6 ವೋಲ್ಟಿನದು ಒಂದು, ಸ್ಕೂಟರಿನಲ್ಲಿ ಒಂದು, ಮಗಳು ಚಿಕ್ಕವಳಿದ್ದಾಗ ಕೂತು ಓಡಿಸುತ್ತಿದ್ದ ಆಟದ ಕಾರಿನೊಳಗೆ ಒಂದು. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ಇನ್ನೂ ಹೆಚ್ಚು. ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್, ಕಾಡುಹಂದಿಗೆಂದು ಗದ್ದೆ ಸುತ್ತ ಕಟ್ಟಿದ, ಊರವರೆಲ್ಲ ಐಬೆಕ್ಸ್ ಬೇಲಿ ಎಂದು ಕರೆಯುವ ವಿದ್ಯುತ್ ಬೇಲಿ, ಸೋಲಾರ್ ದೀಪ, ಇವೆಲ್ಲದರ ಹೊಟ್ಟೆಯಲ್ಲೂ ಇರುವುದು ಸೀಸ ಮತ್ತು ಗಂಧಕಾಮ್ಲದ ಅದೇ ಹಳೆಯ ಜೋಡಿ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಮಾಡಿ ತೋರಿಸಿದ ವಿದ್ಯೆ ಇದು. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿ ಇದೇ. ಒಂದೂವರೆ ಶತಮಾನ ಕಳೆದರೂ ಇದರ ಮೂಲಸೂತ್ರ ಬದಲಾಗಿಲ್ಲ.

ಮುಂದೆ ಹೇಳುವ ಮಾತುಗಳಿಗೆ ಆಧಾರವಾದ ಒಂದು ನೆನಪನ್ನು ಮೊದಲು ಹೇಳಬೇಕು. 1986ರ ಬೇಸಿಗೆ ರಜೆ. ನಮ್ಮ ಚಿಕ್ಕಪ್ಪ ತುಂಗೆಯಲ್ಲಿ ಬೀಸುಬಲೆ ಹಾಕುವುದರಲ್ಲಿ ಪಳಗಿದವರು. ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳು ಆ ವರ್ಷ ಬಹಳಷ್ಟು ಉದುರಿಹೋಗಿದ್ದವು. ಯಾರದೋ ಜೀಪಿನ ಕೆಟ್ಟುಹೋದ ಬ್ಯಾಟರಿಯನ್ನು ಅವರು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದರು. ಬಚ್ಚಲುಮನೆಯ ಹಿಂದೆ ಕೂತು ಮೊದಲು ಅದನ್ನು ಬೋರಲು ಹಾಕಿದರು. ಒಳಗಿನ ಆಸಿಡ್ ಹರಿದು ಹೋಗಿ, ಬಚ್ಚಲೊಲೆಯ ಬೂದಿ ಸುರಿದಿದ್ದ ಕಡೆಗೆ ತಾಗಿದಾಗ ಬುಸುಗುಟ್ಟುತ್ತ ನೊರೆ ಎದ್ದದ್ದು ಮಕ್ಕಳಾದ ನಮಗೆ ದೊಡ್ಡ ಬೆರಗಾಗಿತ್ತು. ಆಮೇಲೆ ಕೊಡಲಿಯ ಹಿಮ್ಮಡಿಯಿಂದ ಹೊಡೆದು ಡಾಂಬರಿನಂಥ ಅಂಟು ಮೆತ್ತಿದ ಮುಚ್ಚಳವನ್ನು ಒಡೆದು, ಒಳಗಿನ ಫಲಕಗಳನ್ನು ಒಂದೊಂದಾಗಿ ಕಿತ್ತರು. ಜಾಲರಿಯಂಥ ಫಲಕಗಳ ಕಣ್ಣುಗಳಲ್ಲಿ ತುಂಬಿದ್ದ ಕಂದು ಮತ್ತು ಬೂದು ಬಣ್ಣದ ಹಿಟ್ಟನ್ನು ಕಲ್ಲಿಗೆ ಬಡಿದು ಉದುರಿಸಿದರು. ಉಳಿದ ಲೋಹವನ್ನು ಹಳೆಯ ಕಬ್ಬಿಣದ ಬಾಣಲೆಗೆ ಹಾಕಿ, ಮೂರು ಕಲ್ಲಿನ ಒಲೆಯ ಮೇಲಿಟ್ಟು ಕಾಯಿಸಿದರು. ಸ್ವಲ್ಪ ಹೊತ್ತಿನಲ್ಲಿ ಅದು ಕರಗಿ, ಮೇಲಿನ ಕೆನೆಯನ್ನು ಕಡ್ಡಿಯಿಂದ ಸರಿಸಿದರೆ ಕನ್ನಡಿಯಂತೆ ಹೊಳೆಯುತ್ತಿತ್ತು. ಜೇಡಿಮಣ್ಣಿನಲ್ಲಿ ಮಾಡಿದ ಅಚ್ಚಿಗೆ ಸೌಟಿನಿಂದ ಹೊಯ್ಯುವಾಗ ಸಿಡಿದ ಹನಿಗಳು ನೆಲಕ್ಕೆ ಬಿದ್ದು ಬೆಳ್ಳಿಯ ಕಾಳುಗಳಂತೆ ಗಟ್ಟಿಯಾಗುತ್ತಿದ್ದವು. ಅವನ್ನು ಆರಿಸಿಕೊಳ್ಳಲು ನಮ್ಮಲ್ಲಿ ಪೈಪೋಟಿ. ನಾನೂ ಅಣ್ಣನೂ ಚಡ್ಡಿ ಜೇಬಿನ ತುಂಬ ತುಂಬಿಕೊಂಡು, ಅದೇ ಕೈಯಲ್ಲಿ ಹಲಸಿನ ತೊಳೆ ತಿಂದೆವು.

ಹೊಗೆ ಕೆಟ್ಟದ್ದು ಎಂದು ದೊಡ್ಡವರು ನಮ್ಮನ್ನು ಗಾಳಿ ಬೀಸುವ ದಿಕ್ಕಿನಿಂದ ಆಚೆ ಕೂರಿಸಿದ್ದರು. ಕಲ್ಲಿಗೆ ಬಡಿದು ಉದುರಿಸಿದ ಆ ಹಿಟ್ಟನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಣಗಿದ ಮೇಲೆ ಅದು ಅಂಗಳದ ಧೂಳಿನೊಡನೆ ಸೇರಿಹೋಯಿತು. ಲೋಹದ ಸೀಸಕ್ಕಿಂತ ಹೆಚ್ಚು ಅಪಾಯ ಆ ಹಿಟ್ಟಿನಲ್ಲಿತ್ತು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಈ ಬ್ಯಾಟರಿಯ ಒಳಗೆ ಏನಿದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಸುಮಾರು 2 ವೋಲ್ಟಿನ ಆರು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ 12 ವೋಲ್ಟಿನ ಬ್ಯಾಟರಿಯಾಗುತ್ತದೆ. ಪ್ರತಿ ಕೋಶದಲ್ಲೂ ಒಂದು ಬಗೆಯ ಫಲಕಕ್ಕೆ ಕಂದು ಬಣ್ಣದ ಸೀಸದ ಡೈಆಕ್ಸೈಡ್, ಇನ್ನೊಂದಕ್ಕೆ ಬೂದು ಬಣ್ಣದ ರಂಧ್ರಮಯ ಸೀಸ ಮೆತ್ತಿರುತ್ತದೆ. ಬ್ಯಾಟರಿ ಕೆಲಸ ಮಾಡುವಾಗ ಎರಡೂ ಆಮ್ಲದೊಡನೆ ಸೇರಿ ಸೀಸದ ಸಲ್ಫೇಟ್ ಆಗುತ್ತವೆ. ಚಾರ್ಜ್ ಮಾಡಿದಾಗ ಹಿಂದಕ್ಕೆ ಮರಳುತ್ತವೆ. ಖಾಲಿಯಾದ ಬ್ಯಾಟರಿಯನ್ನು ಹಾಗೆಯೇ ತಿಂಗಳುಗಟ್ಟಲೆ ಬಿಟ್ಟರೆ ಆ ಸಲ್ಫೇಟ್ ಗಟ್ಟಿ ಹರಳಾಗಿ ಕೂತು ಮರಳದೇ ಹೋಗುತ್ತದೆ. ನಮ್ಮ ಕಡೆ ಸ್ಪ್ರೇಯರಿನ ಬ್ಯಾಟರಿಗಳು ಎರಡೇ ವರ್ಷಕ್ಕೆ ಸಾಯುವುದಕ್ಕೆ ಇದೇ ಮುಖ್ಯ ಕಾರಣ. ಔಷಧಿ ಹೊಡೆದು ಮುಗಿದ ದಿನ ಖಾಲಿ ಬ್ಯಾಟರಿಯ ಸಮೇತ ಯಂತ್ರವನ್ನು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದರೆ, ಮುಂದಿನ ಹಂಗಾಮಿನವರೆಗೆ ಯಾರೂ ಅದರ ಮುಖ ನೋಡುವುದಿಲ್ಲ. ಬಳಸಿದ ದಿನವೇ ಪೂರ್ತಿ ಚಾರ್ಜ್ ಮಾಡಿಟ್ಟು, ಬಳಸದ ಕಾಲದಲ್ಲೂ ಎರಡು ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿದರೆ ಅದರ ಆಯುಷ್ಯ ಹೆಚ್ಚುತ್ತದೆ. ಒಂದು ಬ್ಯಾಟರಿ ಎರಡರ ಬದಲು ನಾಲ್ಕು ವರ್ಷ ಬಾಳಿದರೆ ಕರಗಿಸಬೇಕಾದ ಸೀಸವೂ ಅಷ್ಟು ಕಡಿಮೆಯಾಗುತ್ತದೆ.

ಯುಪಿಎಸ್‌ನಲ್ಲಿರುವಂಥ ಮುಚ್ಚಿದ ಬ್ಯಾಟರಿಗಳಲ್ಲಿ ಆಮ್ಲ ದ್ರವವಾಗಿ ಕುಲುಕಾಡುವುದಿಲ್ಲ. ಗಾಜಿನ ನೂಲಿನ ಚಾಪೆಯೊಂದು ಅದನ್ನು ಹೀರಿಕೊಂಡು ಹಿಡಿದಿರುತ್ತದೆ. ಆದ್ದರಿಂದ ಇವುಗಳಲ್ಲಿ ಆಸಿಡ್ ಇಲ್ಲವೆಂದೇ ಬಹಳ ಜನ ತಿಳಿದಿದ್ದಾರೆ. ಒದ್ದೆ ಬಟ್ಟೆಯಲ್ಲಿ ನೀರಿಲ್ಲ ಎಂದಷ್ಟೇ ಸತ್ಯ ಅದು.

ಬ್ಯಾಟರಿಯ ತೂಕದಲ್ಲಿ ಸುಮಾರು 60ರಿಂದ 70 ಶೇಕಡಾ ಸೀಸ ಮತ್ತು ಅದರ ಸಂಯುಕ್ತಗಳು. ನನ್ನ ಕೈಯಲ್ಲಿದ್ದ ಆ ಪುಟ್ಟ ಪೆಟ್ಟಿಗೆಯಲ್ಲಿ ಒಂದು ಕಿಲೋಗಿಂತ ಹೆಚ್ಚು ಸೀಸವಿತ್ತು. ಇದನ್ನು ಇನ್ನೊಂದು ಅಳತೆಯ ಪಕ್ಕಕ್ಕಿಟ್ಟು ನೋಡಬೇಕು. ಒಂದು ಡೆಸಿಲೀಟರ್, ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಸೀಸ ಕಂಡರೆ ಅದು ಎಲ್ಲಿಂದ ಬಂತೆಂದು ಹುಡುಕಿ ತಡೆಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕಿಂತ ಕಡಿಮೆಯಿದ್ದರೆ ಸುರಕ್ಷಿತ ಎನ್ನುವಂಥ ಮಟ್ಟವೇ ಗೊತ್ತಿಲ್ಲ ಎಂದೂ ಅದು ಹೇಳುತ್ತದೆ. ಐದು ವರ್ಷದ ಮಗುವಿನ ಮೈಯಲ್ಲಿ ಇರುವುದು ಸುಮಾರು ಒಂದೂವರೆ ಲೀಟರ್ ರಕ್ತ. ಹಾಗೆ ನೋಡಿದರೆ ಆ ಮಟ್ಟವನ್ನು ಮುಟ್ಟಲು ಅಷ್ಟೂ ರಕ್ತದಲ್ಲಿ ಇರಬೇಕಾದ ಸೀಸ ಬರೀ 75 ಮೈಕ್ರೋಗ್ರಾಂ. ಒಂದು ಗ್ರಾಮಿನಲ್ಲಿ ಹತ್ತು ಲಕ್ಷ ಮೈಕ್ರೋಗ್ರಾಂಗಳಿವೆ. ನಮ್ಮ ಅಂಗಳದಲ್ಲಿ ಚಿಕ್ಕಪ್ಪ ಬಡಿದು ಉದುರಿಸಿದ ಹಿಟ್ಟು ಕಿಲೋಗಟ್ಟಲೆ ಇತ್ತು.

ನುಂಗಿದ ಸೀಸವನ್ನು ಮಕ್ಕಳ ಕರುಳು ದೊಡ್ಡವರದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲದು. ಊಟದಲ್ಲಿ ಕಬ್ಬಿಣಾಂಶವೂ ಸುಣ್ಣದ ಅಂಶವೂ ಸಾಲದ ಮಕ್ಕಳಲ್ಲಿ ಇದು ಇನ್ನೂ ಜಾಸ್ತಿ. ದೇಹವು ಸೀಸವನ್ನು ಕ್ಯಾಲ್ಸಿಯಂ ಎಂದು ತಪ್ಪಾಗಿ ತಿಳಿದು ಮೂಳೆಗಳಲ್ಲಿ ಕೂಡಿಡುತ್ತದೆ, ದಶಕಗಳ ಕಾಲ. ಹೆಣ್ಣುಮಗಳು ಬಸುರಿಯಾದಾಗ ಅದೇ ಮೂಳೆಯಿಂದ ಸೀಸ ಮತ್ತೆ ರಕ್ತಕ್ಕೆ ಇಳಿದು ಹೊಟ್ಟೆಯ ಕೂಸನ್ನು ತಲುಪಬಲ್ಲದು. ಬೆಳೆಯುವ ಮಿದುಳಿಗೆ ಇದು ಮಾಡುವ ಹಾನಿ ಹಿಂದಿರುಗಿಸಲಾಗದ್ದು, ಮತ್ತು ಬಹುಪಾಲು ಯಾರಿಗೂ ಕಾಣದ್ದು. ಜ್ವರ ಬರುವುದಿಲ್ಲ, ಗಾಯವಾಗುವುದಿಲ್ಲ. ಓದಿದ್ದು ತಲೆಗೆ ಹತ್ತದು, ಒಂದು ಕಡೆ ಕೂರದು ಎಂದು ಮಗುವನ್ನೇ ಬೈಯುತ್ತೇವೆ.

ಕರ್ನಾಟಕದಲ್ಲಿ ಈ ಮಾತು ಹೊಸದೇನಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಏಳು ನಗರಗಳ ಮಕ್ಕಳ ರಕ್ತ ಪರೀಕ್ಷೆ ನಡೆಸಿ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸದ ಮಟ್ಟ ಆ ಕಾಲದ ಮಿತಿಯಾಗಿದ್ದ 10 ಮೈಕ್ರೋಗ್ರಾಂ ದಾಟಿದೆ ಎಂದು ತೋರಿಸಿತು. 1999ರ ಫೆಬ್ರವರಿಯಲ್ಲಿ ಸೀಸದ ವಿಷದ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು. ಮರುವರ್ಷ, 2000ರಲ್ಲಿ, ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಅಲ್ಲಿ ಸೀಸ ವಿಷಕ್ಕೆಂದೇ ರಾಷ್ಟ್ರೀಯ ರೆಫರಲ್ ಕೇಂದ್ರವೊಂದನ್ನು ನಡೆಸಿ, ಶಾಲೆಗಳಿಗೂ ಕಾರ್ಖಾನೆಗಳಿಗೂ ಹೋಗಿ ಈ ವಿಷಯ ಹೇಳುತ್ತ ಬಂದರು. ಪೆಟ್ರೋಲಿನ ಸೀಸ ಹೋಯಿತು, ಆದರೆ ಅದರ ನಂತರದ ವರ್ಷಗಳಲ್ಲಿ ಮನೆಮನೆಗೂ ಇನ್ವರ್ಟರ್ ಬಂತು, ಸ್ಕೂಟರುಗಳು ಹೆಚ್ಚಿದವು. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಹೊರತಂದ ವರದಿಯ ಅಂದಾಜಿನಂತೆ ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿದೆ. ಭಾರತದಲ್ಲೇ ಅಂಥವರು 27 ಕೋಟಿಗೂ ಹೆಚ್ಚು. ಬಣ್ಣ, ಕಲಬೆರಕೆ ಮಸಾಲೆ, ಪಾತ್ರೆ, ಹೀಗೆ ಕಾರಣಗಳು ಹಲವು. ಅವುಗಳಲ್ಲಿ ಬ್ಯಾಟರಿಯನ್ನು ಅಡ್ಡದಾರಿಯಲ್ಲಿ ಕರಗಿಸುವುದು ದೊಡ್ಡದೊಂದು ಎಂದು ಆ ವರದಿ ಹೇಳುತ್ತದೆ.

ನನ್ನನ್ನು ಬಹಳ ದಿನ ಕಾಡಿದ ವಿಚಾರ ಇನ್ನೊಂದು. ಪ್ಲಾಸ್ಟಿಕ್ ಕವರನ್ನು ಯಾರೂ ಕೊಳ್ಳುವುದಿಲ್ಲವೆಂದು ಅದು ಚರಂಡಿ ಸೇರುತ್ತದೆ. ಸೀಸದ ಬ್ಯಾಟರಿಯ ಸ್ಥಿತಿ ಇದಕ್ಕೆ ತದ್ವಿರುದ್ಧ. ಇದಕ್ಕೆ ಬೆಲೆಯಿದೆ, ಆದ್ದರಿಂದ ಇದು ಬೀದಿಯಲ್ಲಿ ಬೀಳುವುದಿಲ್ಲ, ಯಾರಾದರೂ ತಂದೇ ತರುತ್ತಾರೆ, ಕೊಂಡೇ ಕೊಳ್ಳುತ್ತಾರೆ. ಸೀಸವನ್ನು ಎಷ್ಟು ಸಲ ಕರಗಿಸಿದರೂ ಅದರ ಗುಣ ಕೆಡದು. ಇಷ್ಟು ಪೂರ್ಣವಾಗಿ ಮರುಬಳಕೆಯಾಗಬಲ್ಲ ವಸ್ತುಗಳು ಮನೆಯಲ್ಲಿ ಹೆಚ್ಚು ಇರಲಾರವು. ಆದರೆ ಅದನ್ನು ಕಸವಾಗದಂತೆ ಕಾಯುವ ಆ ಬೆಲೆಯೇ ಅದನ್ನು ತಪ್ಪು ಕೈಗೂ ಎಳೆದೊಯ್ಯುತ್ತದೆ. ಹೊಗೆ ಸೋಸುವ ಯಂತ್ರಕ್ಕೆ, ಆಮ್ಲ ಶುದ್ಧಿಗೆ, ಕೆಲಸಗಾರರ ರಕ್ತ ಪರೀಕ್ಷೆಗೆ ಖರ್ಚು ಮಾಡುವವನಿಗಿಂತ, ಇವುಗಳಲ್ಲಿ ಯಾವುದನ್ನೂ ಮಾಡದವನು ಕಿಲೋಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಡಬಲ್ಲ. ಆ ಹತ್ತಿಪ್ಪತ್ತು ರೂಪಾಯಿಯನ್ನು ಬೇರೆ ಯಾರದೋ ಮಗು ತನ್ನ ರಕ್ತದಲ್ಲಿ ತೆರುತ್ತದೆ.

ಸೆನೆಗಲ್ ದೇಶದ ಡಕಾರ್ ನಗರದ ಅಂಚಿನಲ್ಲಿ ತಿಯಾರೋಯ್ ಎಂಬ ಬಡಾವಣೆಯಿದೆ. ಅಲ್ಲಿ ವರ್ಷಗಟ್ಟಲೆ ಹಳೆಯ ಬ್ಯಾಟರಿಗಳನ್ನು ಒಡೆದು ಕರಗಿಸಿದ್ದರಿಂದ ಮರಳು ನೆಲದ ತುಂಬ ಸೀಸದ ಚೂರು, ಪುಡಿ ಸೇರಿಹೋಗಿತ್ತು. 2007ರಲ್ಲಿ ಸೀಸದ ಬೆಲೆ ಏರಿದಾಗ ಆ ಮರಳಿಗೇ ಗಿರಾಕಿ ಬಂತು. ಜನ ಅದನ್ನು ಅಗೆದು, ಜರಡಿ ಹಿಡಿದು, ಚೀಲಗಳಲ್ಲಿ ತುಂಬಿ ಮನೆಯೊಳಗೂ ತಂದಿಟ್ಟರು. ಆ ವರ್ಷದ ನವೆಂಬರ್‌ನಿಂದ ಮರುವರ್ಷದ ಮಾರ್ಚ್‌ವರೆಗಿನ ಅವಧಿಯಲ್ಲಿ ಆ ಒಂದು ಬಡಾವಣೆಯಲ್ಲಿ 18 ಚಿಕ್ಕ ಮಕ್ಕಳು ಸತ್ತರು. ಅವರ ಒಡಹುಟ್ಟಿದವರ, ತಾಯಂದಿರ ರಕ್ತ ಪರೀಕ್ಷೆ ಮಾಡಿದಾಗಲೇ ಸೀಸದ ಮಾತು ಹೊರಬಿದ್ದದ್ದು. ಇದನ್ನು ಓದಿದ ರಾತ್ರಿ ನನಗೆ ಚಡ್ಡಿ ಜೇಬಿನಲ್ಲಿ ಗಲಗಲ ಎನ್ನುತ್ತಿದ್ದ ಬೆಳ್ಳಿಯ ಕಾಳುಗಳ ಸದ್ದು ಕೇಳಿಸಿತು.

ಸರಿಯಾದ ಕಾರ್ಖಾನೆಯಲ್ಲಿ ಇದೇ ಕೆಲಸ ನಡೆಯುವ ಕ್ರಮ ಬೇರೆ. ಬ್ಯಾಟರಿಗಳನ್ನು ಮುಚ್ಚಿದ ಯಂತ್ರದೊಳಗೆ ಪುಡಿಮಾಡುತ್ತಾರೆ. ಚೂರುಗಳನ್ನು ನೀರಿನಲ್ಲಿ ಹಾಯಿಸಿದಾಗ ಸೀಸ ತಳಕ್ಕೆ ಇಳಿಯುತ್ತದೆ, ಸ್ಕೂಟರು, ಕಾರಿನ ಬ್ಯಾಟರಿಗಳ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಕವಚ ತೇಲುತ್ತದೆ. ನೀರಿನಿಂದಾಗಿ ಪುಡಿ ಏಳುವುದಿಲ್ಲ. ಆಮ್ಲವನ್ನು ಸುಣ್ಣ ಅಥವಾ ಸೋಡಾದಿಂದ ಶಾಂತಗೊಳಿಸಿ ಅದರಲ್ಲಿ ಬೆರೆತ ಸೀಸವನ್ನೂ ಬೇರ್ಪಡಿಸುತ್ತಾರೆ. ಶುದ್ಧ ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ ಸೌದೆ ಒಲೆಯಲ್ಲೂ, ಕರಗುತ್ತದೆ. ಆದರೆ ಹಿಟ್ಟಿನಲ್ಲಿರುವ ಸಲ್ಫೇಟನ್ನು ಲೋಹವಾಗಿ ಮರಳಿಸಲು ಇದ್ದಿಲು, ಕಬ್ಬಿಣ, ಸೋಡಾ ಹಾಕಿ ಸುಮಾರು 1000 ಡಿಗ್ರಿಯ ಕುಲುಮೆಯಲ್ಲಿ ಬೇಯಿಸಬೇಕು. ಬಾಣಲೆಯಲ್ಲಿ ಕರಗಿಸುವವರು ಅದಕ್ಕೇ ಆ ಹಿಟ್ಟನ್ನು ಚೆಲ್ಲುತ್ತಾರೆ, ಅದು ಅವರಿಗೆ ದಕ್ಕುವುದಿಲ್ಲ. ಕಾರ್ಖಾನೆಯ ಕುಲುಮೆಯ ಹೊಗೆ ಬಟ್ಟೆಯ ದೊಡ್ಡ ಚೀಲಗಳ ಮೂಲಕ ಹಾದು ಧೂಳನ್ನು ಅಲ್ಲೇ ಬಿಡುತ್ತದೆ. ಕೆಲಸಗಾರರು ಉಸಿರಿನ ಮುಖವಾಡ ಹಾಕಬೇಕು, ಸ್ನಾನ ಮಾಡಿ ಬಟ್ಟೆ ಬದಲಿಸಿಯೇ ಮನೆಗೆ ಹೋಗಬೇಕು. ಈ ಕೊನೆಯ ನಿಯಮ ಚಿಕ್ಕದಾಗಿ ಕಾಣಬಹುದು. ಆದರೆ ಅಪ್ಪನ ಅಂಗಿಗೆ ಅಂಟಿದ ಧೂಳೇ ಎಷ್ಟೋ ಮನೆಗಳ ಕೂಸುಗಳನ್ನು ತಲುಪುವ ಸೀಸ.

ಕಾನೂನು ಈ ದಾರಿಯನ್ನು ಗುರುತಿಸಿದೆ. 2001ರಲ್ಲೇ ಸೀಸದ ಬ್ಯಾಟರಿಗಳಿಗೆಂದು ನಿಯಮಗಳು ಬಂದವು. ಹಳೆಯದನ್ನು ವಾಪಸು ಪಡೆಯುವ ಹೊಣೆ ಮಾರಾಟಗಾರರ ಮೇಲೆ ಬಂತು. ಅವುಗಳ ಜಾಗಕ್ಕೆ 2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಚಿಕ್ಕದು ದೊಡ್ಡದು ಎನ್ನದೆ ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡು, ಹಳೆಯವು ಮರಳಿ ಬಂದು ಮರುಬಳಕೆಯಾಗುವಂತೆ ನೋಡಿಕೊಳ್ಳುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಮರುಬಳಕೆ ಮಾಡುವವರು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಬಳಕೆದಾರರಾದ ನಮ್ಮ ಮೇಲೂ ಕರ್ತವ್ಯವಿದೆ: ಹಳೆಯ ಬ್ಯಾಟರಿಯನ್ನು ಮನೆಯ ಉಳಿದ ಕಸದಿಂದ ಬೇರೆ ಇಡಬೇಕು, ಸಂಗ್ರಹಿಸುವ ಅಥವಾ ಮರುಬಳಕೆ ಮಾಡುವವರಿಗೇ ಒಪ್ಪಿಸಬೇಕು.

ಇದನ್ನೆಲ್ಲ ತಿಳಿದುಕೊಂಡು ನಾನು ಪೇಟೆಗೆ ಹೊರಟೆ. ಮೊದಲ ಅಂಗಡಿಯಲ್ಲಿ ಹೊಸ ಬ್ಯಾಟರಿ ಸಿಕ್ಕಿತು. ಹಳೆಯದನ್ನು ತೋರಿಸಿದಾಗ ಹುಡುಗ, "ಚಿಕ್ಕದಕ್ಕೆ ಎಕ್ಸ್‌ಚೇಂಜ್ ಇಲ್ಲ ಸಾರ್. ಬೇಕಾದ್ರೆ ಬಿಟ್ಟು ಹೋಗಿ, ಗುಜರಿಯವನು ಬಂದಾಗ ಹಾಕ್ತೀವಿ" ಎಂದ. ಹಾಗಾದರೆ ಗುಜರಿಯವರನ್ನೇ ಕೇಳೋಣವೆಂದು ಎರಡು ಬೀದಿ ಆಚೆಗಿನ ಅಂಗಡಿಗೆ ಹೋದೆ. ಅಲ್ಲಿದ್ದವರು ನನ್ನಷ್ಟೇ ವಯಸ್ಸಿನವರು, ಸೌಮ್ಯ ಮಾತಿನವರು. "ಕೆಜಿಗೆ ಎಂಬತ್ತು ಕೊಡ್ತೀನಿ ಅಣ್ಣ. ಸ್ಕೂಟರ್‌ದು ಇದ್ರೆ ಅದನ್ನೂ ತನ್ನಿ, ಆದ್ರೆ ನೀರು ಚೆಲ್ಲಿ ತನ್ನಿ" ಎಂದರು. ನೀರು ಎಂದರೆ ಆಸಿಡ್. ಗುಜರಿಯ ಭಾಷೆಯಲ್ಲಿ ಅದಕ್ಕೆ ಬೇರೆ ಹೆಸರಿಲ್ಲ. ತೂಕದಲ್ಲಿ ಮೋಸವಾಗದಿರಲಿ ಎಂಬುದಷ್ಟೇ ಅವರ ಕಾಳಜಿ. ಇವೆಲ್ಲ ಮುಂದೆ ಎಲ್ಲಿಗೆ ಹೋಗುತ್ತವೆ ಎಂದು ಕೇಳಿದೆ. "ಲಾರಿ ಬರುತ್ತೆ ಅಣ್ಣ. ಆಮೇಲಿಂದು ಗೊತ್ತಿಲ್ಲ" ಎಂದರು. ಅವರ ಹಿಂದೆ, ಹಳೆಯ ಬ್ಯಾಟರಿಗಳ ರಾಶಿಗೆ ಒರಗಿಸಿದ ಗೋಣಿಚೀಲದ ಮೇಲೆ ಕೂತು, ಆರೇಳು ವರ್ಷದ ಹುಡುಗಿಯೊಬ್ಬಳು ಕಾಪಿ ಬರೆಯುತ್ತಿದ್ದಳು. ಪೆನ್ಸಿಲಿನ ತುದಿ ಬಾಯಲ್ಲಿತ್ತು.

ಆ ಮನುಷ್ಯನನ್ನು ತಪ್ಪಿತಸ್ಥನೆಂದು ಕರೆಯಲು ನನಗೆ ಮನಸ್ಸಿಲ್ಲ. ಊರಿನ ಕಸದಲ್ಲಿ ಮರುಬಳಕೆಗೆ ಹೋಗುವುದರ ಬಹುಪಾಲು ಅವರಂಥವರ ಬೆನ್ನಿನ ಮೇಲೆಯೇ ಹೋಗುತ್ತದೆ. ಮಗಳನ್ನು ಆ ರಾಶಿಯಿಂದ ದೂರ ಕೂರಿಸಿ, ಊಟಕ್ಕೆ ಮೊದಲು ಅವಳ ಕೈಯನ್ನು ಸೋಪು ಹಾಕಿ ತೊಳೆಸಿ ಎಂದು ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಆಗಲೇ ಅವಳನ್ನು ಕರೆದು ಮೇಜಿನ ಪಕ್ಕ ಕೂರಿಸಿಕೊಂಡರು. ಬ್ಯಾಟರಿಯನ್ನು ಮಾತ್ರ ನಾನು ವಾಪಸು ತಂದೆ.

ಮೂರನೆಯದು ಇನ್ವರ್ಟರ್ ಬ್ಯಾಟರಿಗಳ ದೊಡ್ಡ ಮಾರಾಟಗಾರರ ಅಂಗಡಿ. ಅಲ್ಲಿನ ಹಿರಿಯರು ಒಂದು ರಿಜಿಸ್ಟರ್ ತೆಗೆದು ತೋರಿಸಿದರು: ತಿಂಗಳಿಗೊಮ್ಮೆ ತಯಾರಕ ಕಂಪನಿಯ ಗಾಡಿ ಬರುತ್ತದೆ, ಎಷ್ಟು ಹಳೆಯ ಬ್ಯಾಟರಿ, ಎಷ್ಟು ಕಿಲೋ ಎಂದು ಬರೆದು ಸಹಿ ಹಾಕಿ ಒಯ್ಯುತ್ತದೆ. "ಚಿಕ್ಕದನ್ನ ಯಾರೂ ತರಲ್ಲ ಸಾರ್, ತಂದ್ರೆ ಇದರ ಜೊತೆಗೇ ತೂಕಕ್ಕೆ ಹಾಕ್ತೀನಿ" ಎಂದರು. ಕೊಟ್ಟ ಹಣ ಗುಜರಿಯವರು ಹೇಳಿದ್ದಕ್ಕಿಂತ ಸುಮಾರು 50 ರೂಪಾಯಿ ಕಡಿಮೆ. ನನ್ನ ಒಂದು ತಿಂಗಳ ಹುಡುಕಾಟದ ಫಲವೆಂದರೆ ಒಂದು ಪ್ರಶ್ನೆ: ಇಲ್ಲಿಂದ ಇದು ಎಲ್ಲಿಗೆ ಹೋಗುತ್ತದೆ? ಉತ್ತರವನ್ನು ಬಾಯಲ್ಲಿ ಹೇಳದೆ ಪುಸ್ತಕ ತೆಗೆದು ತೋರಿಸುವವರಿಗೆ ಕೊಡಬೇಕು. ಅಂಥವರು ಹತ್ತಿರದಲ್ಲಿ ಸಿಗದಿದ್ದರೆ ಅವಸರ ಬೇಡ. ಒಡೆಯದ, ಸೋರದ ಬ್ಯಾಟರಿಯನ್ನು ಸರಿಯಾಗಿ ಇಟ್ಟುಕೊಂಡು ಕೆಲವು ತಿಂಗಳು ಕಾಯುವುದರಲ್ಲಿ ತೊಂದರೆಯಿಲ್ಲ.

ಸರಿಯಾಗಿ ಇಡುವುದು ಎಂದರೆ ಹೀಗೆ. ಸತ್ತ ಬ್ಯಾಟರಿಯೂ ಪೂರ್ತಿ ಸತ್ತಿರುವುದಿಲ್ಲ. ಯುಪಿಎಸ್‌ಗೆ ಸಾಲದ ಬ್ಯಾಟರಿ ಬೀಗದ ಕೈಯನ್ನು ಕೆಂಪಗೆ ಕಾಯಿಸಲು ಸಾಕಾಗಬಹುದು. ಆದ್ದರಿಂದ ಎರಡೂ ಟರ್ಮಿನಲ್‌ಗಳಿಗೆ ಇನ್ಸುಲೇಷನ್ ಟೇಪನ್ನು ಬೇರೆ ಬೇರೆಯಾಗಿ ಸುತ್ತಬೇಕು. ನೆಟ್ಟಗೆ ನಿಲ್ಲಿಸಿ, ಪ್ಲಾಸ್ಟಿಕ್ ಟಬ್ಬಿನೊಳಗೆ ಇಟ್ಟು, ಬಿಸಿಲು ಬೀಳದ, ಗಾಳಿಯಾಡುವ, ಮಕ್ಕಳ ಕೈಗೆ ಎಟುಕದ ಜಾಗದಲ್ಲಿ ಇಡಬೇಕು. ಅಡುಗೆಮನೆಯ ಅಟ್ಟ ಆ ಜಾಗವಲ್ಲ. ಕಬ್ಬಿಣದ ಡಬ್ಬಿಯೂ ಬೇಡ, ಸೋರಿದ ಆಮ್ಲ ಅದನ್ನು ತಿಂದುಹಾಕುತ್ತದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಮುಚ್ಚಿದ ಬ್ಯಾಟರಿಯ ಮೇಲ್ಪಟ್ಟಿ ಕಿತ್ತು ಡಿಸ್ಟಿಲ್ಡ್ ವಾಟರ್ ಹಾಕಿ ಬದುಕಿಸಲು ಹೊರಡುವವರನ್ನು ಕಂಡಿದ್ದೇನೆ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಿದರೆ ಹೊರಬರುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು. ದಯವಿಟ್ಟು ಆ ಕೆಲಸಕ್ಕೆ ಕೈಹಾಕಬೇಡಿ.

ಸೋರಿದ್ದರೆ, ನಮ್ಮ ಬಚ್ಚಲ ಹಿಂದಿನ ಬೂದಿ ಮಾಡಿದ ಕೆಲಸವನ್ನು ಅಡುಗೆ ಸೋಡಾ ಇನ್ನೂ ಚೆನ್ನಾಗಿ ಮಾಡುತ್ತದೆ. ಕೈಗವಸು ಹಾಕಿ, ಕನ್ನಡಕ ಧರಿಸಿ, ಒದ್ದೆಯಾದ ಕಡೆ ಸೋಡಾ ಉದುರಿಸಿ, ನೊರೆ ಏಳುವುದು ನಿಲ್ಲುವವರೆಗೆ ಮತ್ತೆ ಮತ್ತೆ ಉದುರಿಸಬೇಕು. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಬೇಕೇ ಹೊರತು ಪೊರಕೆ ಹಿಡಿದು ಗುಡಿಸಬಾರದು, ಪುಡಿ ಗಾಳಿಗೆ ಏಳುತ್ತದೆ. ಸೋಡಾ ಆಮ್ಲವನ್ನು ಕೊಲ್ಲುತ್ತದೆ, ಸೀಸವನ್ನಲ್ಲ. ಹಾಗಾಗಿ ಆ ಬಟ್ಟೆಯನ್ನೂ ಕೈಗವಸನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬ್ಯಾಟರಿಯ ಜೊತೆಗೇ ಇಟ್ಟು, ಒಪ್ಪಿಸುವಾಗ ಅದನ್ನೂ ಸೋರಿದ ಬ್ಯಾಟರಿಯದೆಂದು ಹೇಳಿ ಕೊಡಬೇಕು. ಆಮ್ಲ ಕಣ್ಣಿಗೆ ಸಿಡಿದರೆ ಕಾಲು ಗಂಟೆಗೂ ಕಡಿಮೆಯಿಲ್ಲದಂತೆ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ವೈದ್ಯರ ಬಳಿ ಹೋಗಬೇಕು. ಕಣ್ಣಿಗೆ ಸೋಡಾ ಹಾಕಬಾರದು. ಇನ್ನು ಸ್ಕೂಟರ್ ಬ್ಯಾಟರಿಯ ಆ "ನೀರನ್ನು" ಚೆಲ್ಲಿ ತನ್ನಿ ಎನ್ನುವವರಿಗೆ ಬ್ಯಾಟರಿಯನ್ನೇ ಕೊಡದಿರುವುದು ಲೇಸು.

ಇತ್ತೀಚೆಗೆ ಇನ್ನೊಂದು ತೊಡಕು ಸೇರಿಕೊಂಡಿದೆ. ಹೊಸ ಸ್ಪ್ರೇಯರುಗಳಲ್ಲೂ ಸೋಲಾರ್ ದೀಪಗಳಲ್ಲೂ ಲಿಥಿಯಂ ಬ್ಯಾಟರಿಗಳು ಬರುತ್ತಿವೆ, ಕೆಲವು ಥೇಟ್ ಅದೇ ಆಕಾರದ ಪೆಟ್ಟಿಗೆಯಲ್ಲಿ. ಸೀಸದ ಬ್ಯಾಟರಿಗಳ ನಡುವೆ ಒಂದು ಲಿಥಿಯಂ ಸೇರಿ ಪುಡಿಮಾಡುವ ಯಂತ್ರಕ್ಕೋ ಕುಲುಮೆಗೋ ಹೋದರೆ ಬೆಂಕಿ ಹೊತ್ತಿಕೊಳ್ಳುತ್ತದೆ, ಸ್ಫೋಟವೂ ಆಗಬಹುದು. ಎತ್ತಿ ನೋಡಿದರೆ ಗಾತ್ರಕ್ಕೆ ಮೀರಿದ ಭಾರವಿದ್ದು ಪಿಬಿ ಎಂಬ ಗುರುತಿದ್ದರೆ ಸೀಸದ್ದು. ಹಗುರವಾಗಿದ್ದರೆ ಅನುಮಾನಿಸಿ, ಲೇಬಲ್ ಓದಿ ಬೇರೆ ಇಡಬೇಕು.

ದೀಪಾವಳಿಗೆ ಊರಿಗೆ ಹೋದಾಗ ಒಂದು ಪ್ಲಾಸ್ಟಿಕ್ ಕ್ರೇಟ್ ತೆಗೆದುಕೊಂಡು ಹೋದೆ. ಅಟ್ಟದ ಮೇಲೆ, ಕೊಟ್ಟಿಗೆಯ ಮಾಡಿನಲ್ಲಿ, ಪಂಪ್‌ಹೌಸಿನ ಮೂಲೆಯಲ್ಲಿ ನಮ್ಮ ಮನೆಯೊಂದರಲ್ಲೇ ಐದು ಹಳೆಯ ಬ್ಯಾಟರಿಗಳು ಸಿಕ್ಕವು. ಅವುಗಳಲ್ಲಿ ಎರಡು ಅಪ್ಪಯ್ಯ 2004ರಲ್ಲಿ ಹಾಕಿಸಿದ ಸೋಲಾರ್ ದೀಪದ ಕಾಲದವು. ಅಕ್ಕಪಕ್ಕದ ಮನೆಗಳಲ್ಲಿ ಕೇಳಿದಾಗ ಇನ್ನೂ ಆರು ಬಂದವು. ಚಿಕ್ಕಪ್ಪನಿಗೆ ಈಗ ಎಪ್ಪತ್ತೆಂಟು. ಜಗುಲಿಯಲ್ಲಿ ಕೂತು ನಾನು ಟರ್ಮಿನಲ್‌ಗಳಿಗೆ ಟೇಪ್ ಸುತ್ತುವುದನ್ನು ನೋಡುತ್ತಿದ್ದರು. ಅಂದಿನ ದಿನವನ್ನು ನೆನಪಿಸಿದೆ. ಬಹಳ ಹೊತ್ತು ಸುಮ್ಮನಿದ್ದು, "ಆಗ ಯಾರಿಗೆ ಗೊತ್ತಿತ್ತು ಮಾರಾಯ. ನಿಮ್ಮನ್ನೆಲ್ಲ ಪಕ್ಕದಲ್ಲೇ ಕೂರಿಸ್ಕೊಂಡಿದ್ದೆ" ಎಂದರು. ಆಮೇಲೆ ಎದ್ದು ಹೋಗಿ, ಮೊಮ್ಮಗು ಆಡುವ ಕಡೆ ಗೋಡೆಗೆ ನೇತುಹಾಕಿದ್ದ ಬೀಸುಬಲೆಯನ್ನು ಇಳಿಸಿ, ಅದರ ಸೀಸದ ಗುಂಡುಗಳು ಒಂದಕ್ಕೊಂದು ತಾಗದಂತೆ ಜೋಪಾನವಾಗಿ ಮಡಚಿ, ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸಿ ಬಂದು, ಬಚ್ಚಲಲ್ಲಿ ಸೋಪು ಹಾಕಿ ಕೈ ತೊಳೆದುಕೊಂಡರು.

ಬಚ್ಚಲ ಹಿಂದಿನ ಆ ಜಾಗದಲ್ಲಿ ಅಮ್ಮ ಈಚಿನ ವರ್ಷಗಳಲ್ಲಿ ಬಸಳೆ ಚಪ್ಪರ ಹಾಕಿದ್ದರು. ಸೀಸ ಮಣ್ಣಿನ ಮೇಲ್ಪದರದಲ್ಲೇ ಉಳಿಯುವ ಸ್ವಭಾವದ್ದು, ತಾನಾಗಿ ಕರಗಿ ಹೋಗುವಂಥದ್ದಲ್ಲ. ಚಪ್ಪರವನ್ನು ಅಂಗಳದ ಇನ್ನೊಂದು ಬದಿಗೆ ಬದಲಾಯಿಸಿ, ಆ ಜಾಗಕ್ಕೆ ಕಲ್ಲು ಚಪ್ಪಡಿ ಹಾಸಿಸಿದ್ದೇವೆ. ಹನ್ನೊಂದು ಬ್ಯಾಟರಿಗಳನ್ನು ಕ್ರೇಟಿನಲ್ಲಿ ನೆಟ್ಟಗೆ ನಿಲ್ಲಿಸಿ, ನಡುವೆ ಹಳೆಯ ರಟ್ಟು ತುಂಬಿ ಶಿವಮೊಗ್ಗಕ್ಕೆ ತಂದು, ಆ ಹಿರಿಯರ ಅಂಗಡಿಯಲ್ಲಿ ತೂಕ ಮಾಡಿಸಿ ಚೀಟಿ ಪಡೆದೆ. ಬಂದ ಹಣವನ್ನು ಆಯಾ ಮನೆಗಳಿಗೆ ಹಂಚಿದ್ದಾಯಿತು. ಖಾಲಿ ಕ್ರೇಟ್ ಈಗ ಊರಿನ ಸೊಸೈಟಿಯ ಜಗುಲಿಯಲ್ಲಿ, ನೆಲದಿಂದ ನಾಲ್ಕಡಿ ಎತ್ತರದ ಹಲಗೆಯ ಮೇಲೆ ಇದೆ. ಸಂಕ್ರಾಂತಿಗೆ ಹೋದಾಗ ಅದರಲ್ಲಿ ಮೂರು ಬ್ಯಾಟರಿಗಳಿದ್ದವು. ಮೂರರ ಟರ್ಮಿನಲ್‌ಗಳಿಗೂ ಯಾರೋ ಆಗಲೇ ಟೇಪ್ ಸುತ್ತಿದ್ದರು.